ಕ್ಯಾಂಪಸ್ ಗಿಡಗಳ ಎಣಿಕೆ: ಚೌಕದ ಅಳತೆ, ಕಾಲ, ಜಾಲಿಯ ಗೊಂದಲ

ರಾಯಚೂರಿನ ಕ್ಯಾಂಪಸ್ಸಿನ ಸಸ್ಯ ವೈವಿಧ್ಯ ಪ್ರಾಜೆಕ್ಟಿಗೆ ಎಣಿಕೆಗೆ ಹಗ್ಗ ಕಟ್ಟಿ ಎಷ್ಟು ದೊಡ್ಡ ಚೌಕ ಹಾಕಬೇಕು, ಬೇಸಿಗೆ ರಜೆಯಲ್ಲೇ ಮುಗಿಸಬಹುದಾ ಅಂತ ಕೇಳಿದ್ದೀರಿ. ಮರಗಳನ್ನು ರಜೆಯಲ್ಲೇ ಎಣಿಸಿ, ಅಡ್ಡಿಯಿಲ್ಲ. ಹುಲ್ಲು, ಸಣ್ಣ ಗಿಡಗಳನ್ನು ಮಾತ್ರ ಸೆಪ್ಟೆಂಬರ್–ಅಕ್ಟೋಬರಿಗೆ ಇಟ್ಟುಕೊಳ್ಳಿ. ಏಪ್ರಿಲ್ಲಿನಲ್ಲಿ ಎರೆಮಣ್ಣು ಬಿರುಕು ಬಿಟ್ಟಿರುತ್ತೆ, ಒಂದೇ ಮಳೆಗಾಲ ಬದುಕುವ ಗಿಡಗಳೆಲ್ಲ ಒಣಗಿ ಹೋಗಿರುತ್ತವೆ.

ಮರಕ್ಕೆ 10×10 ಮೀಟರ್, ಪೊದೆಗೆ 5×5, ನೆಲದ ಗಿಡಕ್ಕೆ 1×1 ಸಾಕು. ಹಗ್ಗ ಕಟ್ಟಿದ ಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿಯಿರಿ. ದೊಡ್ಡ ಚೌಕಕ್ಕೆ 14.14 ಮೀಟರ್ ಬರದಿದ್ದರೆ ಅದು ಸೊಟ್ಟಗಾಗಿದೆ. ಜಾಗವನ್ನು ಚೀಟಿ ಎತ್ತಿ ಆರಿಸಿ. ಕಣ್ಣಳತೆಯಲ್ಲಿ ಆರಿಸಿದರೆ ಕೈ ಹಸಿರಿದ್ದ ಕಡೆಗೇ ಹೋಗುತ್ತೆ. ರಸ್ತೆ ಬದಿ ಸಾಲಾಗಿ ನೆಟ್ಟ ಬೇವು, ಹೊಂಗೆ, ಗುಲ್‌ಮೊಹರ್‌ಗಳಿಗೆ ಚೌಕವೇ ಬೇಡ, ಒಂದೊಂದಾಗಿ ಎಣಿಸಿ. ನೆಟ್ಟದ್ದು, ತಾನಾಗಿ ಬೆಳೆದದ್ದು ಎರಡಕ್ಕೂ ಬೇರೆ ಬೇರೆ ಪಟ್ಟಿ ಇರಲಿ. ಎರಡನ್ನೂ ಕಲಸಿ ಶಾನನ್ ಸೂಚ್ಯಂಕ (ಎಷ್ಟು ಜಾತಿಗಳಿವೆ, ಎಷ್ಟು ಸಮವಾಗಿ ಹಂಚಿವೆ ಅನ್ನುವ ವೈವಿಧ್ಯದ ಅಳತೆ) ತೆಗೆದರೆ ಅದು ಅಲ್ಲಿಯ ನೆಲಕ್ಕಿಂತ ಹೆಚ್ಚಾಗಿ ನರ್ಸರಿಯ ಲೆಕ್ಕವನ್ನೇ ತೋರಿಸುತ್ತೆ. ಇನ್ನೊಂದು ಕಾಲೇಜಿನ ಅಂಕಿಗೆ ಹೋಲಿಸುವ ಮುನ್ನ ಅವರು ಯಾವ ಲಾಗ್ ಬಳಸಿದ್ದಾರೆ ನೋಡಿ: ಎರಡು ಜಾತಿ ಸಮ ಸಮ ಇದ್ದಾಗ ನ್ಯಾಚುರಲ್ ಲಾಗ್‌ನಲ್ಲಿ 0.69, ಹತ್ತರ ಲಾಗ್‌ನಲ್ಲಿ 0.30 ಬರುತ್ತೆ.

ಮರದ ಸುತ್ತಳತೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ. ಹೆಚ್ಚಿನವರು ಎಡವೋದು ಬಳ್ಳಾರಿ ಜಾಲಿಯಲ್ಲಿ. ಬುಡದಲ್ಲೇ ಮೂರು ನಾಲ್ಕು ಕವಲೊಡೆದಿರುತ್ತೆ, ಎಲ್ಲದರ ಸುತ್ತಳತೆ ಕೂಡಿಸಿಬಿಡ್ತಾರೆ. 20 ಸೆಂ.ಮೀ. ಸುತ್ತಳತೆಯ ಮೂರು ಕಾಂಡಗಳನ್ನು 60 ಅಂತ ಬರೆದರೆ ಬೇಸಲ್ ಏರಿಯಾ (ಕಾಂಡವನ್ನು ಅಡ್ಡ ಕೊಯ್ದರೆ ಕಾಣುವ ಮುಖದ ವಿಸ್ತೀರ್ಣ) 286 ಚದರ ಸೆಂ.ಮೀ. ಆಗುತ್ತೆ. ಪ್ರತಿ ಕಾಂಡಕ್ಕೂ ಬೇರೆಯಾಗಿ ಸುತ್ತಳತೆಯ ವರ್ಗವನ್ನು 12.57ರಿಂದ (ಅಂದರೆ 4π) ಭಾಗಿಸಿ ಆಮೇಲೆ ಕೂಡಿಸಿದರೆ ಸುಮಾರು 95. ಮೂರು ಪಟ್ಟು ತಪ್ಪು! ಆದರೆ ಗಿಡದ ಸಂಖ್ಯೆ ಒಂದೇ ಅಂತ ಬರೆಯಿರಿ.

ಬಳ್ಳಾರಿ ಜಾಲಿಯನ್ನು ಕರಿಜಾಲಿ ಅಂತಲೂ ಬರೆದುಬಿಡ್ತಾರೆ. ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಬೀಜ ಬೀಜದ ನಡುವೆ ಹಿಸುಕಿದಂತೆ ಮಣಿಸರದ ಹಾಗಿರುತ್ತೆ. ಬಳ್ಳಾರಿ ಜಾಲಿಯ ಹೂ ಬೆರಳುದ್ದದ ತೆನೆ, ಹಣ್ಣಾದ ಕಾಯಿ ಹಳದಿ, ಅಂಥ ಹಿಸುಕು ಇರಲ್ಲ. ಸುಬಾಬುಲ್‌ನ ಎಲೆಯೂ ಜಾಲಿಯ ಹಾಗೇ ಸಣ್ಣದು, ಆದರೆ ಮುಳ್ಳಿಲ್ಲ, ಹೂ ಬಿಳಿ ಗುಂಡು, ಚಪ್ಪಟೆ ಕಾಯಿ ಗೊಂಚಲಾಗಿ ಜೋತಿರುತ್ತೆ.

ಗುರುತು ಸಿಗದ್ದನ್ನು ಹೂ ಅಥವಾ ಕಾಯಿ ಇರುವ ರೆಂಬೆ ಸಮೇತ ಪೇಪರ್ ನಡುವೆ ಒತ್ತಿಡಿ. ಮೊದಲ ವಾರ ದಿನಾ ಪೇಪರ್ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ. ಹೂವಿನ ಬಣ್ಣ ಅವತ್ತೇ ಬರೆದಿಡಿ, ಒಣಗಿದ ಮೇಲೆ ತಿಳಿಯಲ್ಲ. ಇಲ್ಲಿ ಗಿಡದ ಹೆಸರು ಕೇಳುವಾಗಲೂ ಬರೀ ಎಲೆಯ ಫೋಟೊ ಹಾಕಬೇಡಿ.