ಆ ಪಟ್ಟಿಯನ್ನು ಮೊದಲ ಪುಟಕ್ಕೆ ತನ್ನಿ

ಮಾನ್ಯರೇ, ನಮಸ್ಕಾರ.

ಪಶುತಳಿ ವಿಜ್ಞಾನಕ್ಕೆ ಆಯುಷ್ಯವನ್ನೇ ಕೊಟ್ಟು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೊಟ್ಟಿಗೆಗಳನ್ನು ಸುತ್ತಿ, ಕಳೆದ ಮಳೆಗಾಲದಲ್ಲಿ ತೀರಿಕೊಂಡ ನಿಮ್ಮ ಹಿರಿಯ ಸಹೋದ್ಯೋಗಿಯ ಕುರಿತ ಹನ್ನೊಂದು ಪುಟಗಳ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಿಷಾದದ ಎರಡು ಸಾಲು ಬರೆದು ಹಿಂದಿರುಗಿಸಲು ಮನಸ್ಸಾಗಲಿಲ್ಲ, ಏಕೆಂದರೆ ಏಳನೆಯ ಪುಟದ ನಡುವೆ, ನಿಮಗೇ ಗೊತ್ತಾಗದಂತೆ, ನೀವೊಂದು ನಿಜವಾದ ಲೇಖನವನ್ನು ಬರೆದುಬಿಟ್ಟಿದ್ದೀರಿ.

ಮೊದಲ ಮೂರು ಪುಟಗಳಲ್ಲಿ ಅವರು 'ಅಜಾತಶತ್ರು', 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', 'ನಡೆದಾಡುವ ವಿಶ್ವಕೋಶ'. ಈ ಮಾತುಗಳನ್ನು ಊರಿನ ನಿವೃತ್ತ ಮುಖ್ಯೋಪಾಧ್ಯಾಯರ ಸನ್ಮಾನಪತ್ರದಿಂದ ಎತ್ತಿ ಇಲ್ಲಿಟ್ಟರೂ, ಇಲ್ಲಿಂದ ಎತ್ತಿ ಅಲ್ಲಿಟ್ಟರೂ ವ್ಯತ್ಯಾಸ ತಿಳಿಯದು. ನಿಮ್ಮ ಗೌರವದ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಓದುಗನಿಗೆ ಕಾಣಬೇಕಾದ ಮನುಷ್ಯ ಆ ಗೌರವದ ಹಿಂದೆ ಮರೆಯಾಗಿದ್ದಾನೆ. ಪದವಿ, ವರ್ಗಾವಣೆ, ಬಡ್ತಿಗಳ ವಿವರವಿರುವ ನಾಲ್ಕನೆಯ ಪುಟವನ್ನು ಪೂರ್ತಿಯಾಗಿ ತೆಗೆದುಬಿಡಿ.

ಈಗ ಏಳನೆಯ ಪುಟ. ಜಡಿಮಳೆಯ ಸಂಜೆ, ಬೆದೆಗೆ ಬಂದ ಆಕಳೊಂದಕ್ಕೆ ಇಂಜೆಕ್ಷನ್ (ಅಂದರೆ ಕೃತಕ ಗರ್ಭಧಾರಣೆ) ಕೊಡಲು ಅವರೊಡನೆ ಹೋಗಿದ್ದಿರಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಅವರು ಹೋರಿಯ ವೀರ್ಯ ತುಂಬಿದ, ಸಪೂರ ಕೊಳವೆಯಂಥ ಕಡ್ಡಿಯನ್ನು ತೆಗೆದು, 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಹತ್ತಿಯಿಂದ ಹನಿ ನೀರೂ ಉಳಿಯದಂತೆ ಒರೆಸಿ, ತುದಿ ಕತ್ತರಿಸುವ ಮೊದಲು ಟಾರ್ಚಿನ ಬೆಳಕಿನಲ್ಲಿ ಕಡ್ಡಿಯ ಮೇಲೆ ಅಚ್ಚಾಗಿದ್ದ ಹೋರಿಯ ಸಂಖ್ಯೆಯನ್ನು ಓದುತ್ತಾರೆ. ಆಮೇಲೆ ಮನೆಯ ಅಮ್ಮನನ್ನು, "ಇದರ ತಾಯಿಗೆ ಯಾವ ಹೋರಿಯದು ಕೊಟ್ಟಿದ್ದು?" ಎಂದು ಕೇಳುತ್ತಾರೆ. "ಅದೆಲ್ಲಾ ಯಾರಿಗೆ ನೆನಪಿರ್ತು ಡಾಕ್ಟ್ರೇ" ಎಂದು ಆಕೆ ನಗುತ್ತಾರೆ. ಅವರು ಚೀಲದಿಂದ ಹಳೆಯ ಪಟ್ಟಿಯೊಂದನ್ನು ತೆಗೆದು, ಹಾಳೆ ಮಗುಚಿ, ತಾವೇ ಉತ್ತರ ಓದಿ, ಕೈಯಲ್ಲಿದ್ದ ಕಡ್ಡಿಯನ್ನು ಬಳಸದೆ ಪಕ್ಕಕ್ಕಿಟ್ಟು, ಬೇರೆ ಹೋರಿಯದನ್ನು ತೆಗೆಯುತ್ತಾರೆ. (ನೀವು 'ನೋಟ್‌ಬುಕ್' ಎಂದಿದ್ದೀರಿ. ನಮ್ಮ ಕಡೆ ಪಟ್ಟಿ ಎಂದೇ ಹೇಳುವುದಲ್ಲವೇ, ಹಾಗೆಯೇ ಇರಲಿ.)

ಇಷ್ಟನ್ನು ಆರು ಸಾಲಿನಲ್ಲಿ ಮುಗಿಸಿ, 'ಅವರ ಶಿಸ್ತು ಅಂಥದ್ದು' ಎಂದು ಷರಾ ಬರೆದು ಮುಂದೆ ಹೋಗಿದ್ದೀರಿ. ನೀವು ವಿವರಿಸದೆ ಬಿಟ್ಟದ್ದು ಶಿಸ್ತಿಗಿಂತ ದೊಡ್ಡದು. ಹೋರಿಯ ವೀರ್ಯ ಅದರ ಮಗಳಿಗೇ ಹೋದರೆ, ಹುಟ್ಟುವ ಕರುವಿನ ಯಾವುದೇ ಜೀನಿನ ಜೋಡಿಯಲ್ಲಿ ಎರಡೂ ಪ್ರತಿಗಳು ಆ ಹೋರಿಯ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಾಧ್ಯತೆ ನೂರಕ್ಕೆ 25. ತಲೆಮಾರುಗಳಿಂದ ಅಡಗಿ ಕುಳಿತ ದೋಷಗಳು ಮೇಲೆ ಬರುವುದು, ಕರು ಬಡಕಲಾಗುವುದು, ಆಕಳು ಗಬ್ಬ ನಿಲ್ಲದಿರುವುದು ಇಂಥಲ್ಲಿಯೇ. ಹಿಂದೆ ಹೋರಿ ಕಣ್ಣೆದುರಿಗಿತ್ತು, ಯಾವುದರ ಮಗಳು ಯಾವುದು ಎಂದು ಕೇರಿಗೆ ಗೊತ್ತಿತ್ತು. ಕಡ್ಡಿಯೊಳಗಿನ ಹೋರಿ ಸತ್ತು ವರ್ಷಗಳಾದ ಮೇಲೂ ತಂದೆಯಾಗಬಲ್ಲದು. ಅದನ್ನು ಕಂಡವರಿಲ್ಲ, ಸಂಖ್ಯೆಯೊಂದೇ ಅದರ ಗುರುತು. ಅಂದರೆ ಕೇರಿಯ ನೆನಪು ಮಾಡುತ್ತಿದ್ದ ಕೆಲಸವನ್ನು ಆ ಪಟ್ಟಿ ಮಾಡುತ್ತಿತ್ತು. ಅಲ್ಲಿಂದಲೇ ಲೇಖನ ಶುರುವಾಗಲಿ.

ನನ್ನ ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ವೃತ್ತಿಯ ಆರಂಭದಲ್ಲಿ ಮನೆಮನೆಗೆ ಹೋಗಿ ಜರ್ಸಿ ಮಿಶ್ರತಳಿಯನ್ನು ಒಪ್ಪಿಸಿದವರು ಕೊನೆಗಾಲದಲ್ಲಿ ನಮ್ಮದೇ ಪುಟ್ಟ ದೇಸಿ ದನ ಮಲೆನಾಡು ಗಿಡ್ಡದ ಪರವಾಗಿ ವಾದಿಸಿದರು. ಈ ಇಡೀ ಪಯಣಕ್ಕೆ ನೀವು ಕೊಟ್ಟಿರುವುದು 'ಕಾಲಾನಂತರ ದೇಸಿ ತಳಿಯ ಮಹತ್ವವನ್ನು ಮನಗಂಡರು' ಎಂಬ ಒಂದು ವಾಕ್ಯ. ಯಾವುದನ್ನು ಕಂಡು ಮನಗಂಡರು? ಮಿಶ್ರತಳಿಯ ಮೊದಲ ತಲೆಮಾರಿನಲ್ಲಿ ಕಾಣುವ ಹುರುಪು, ಆ ಮಿಶ್ರತಳಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ ಮುಂದಿನ ತಲೆಮಾರಿಗೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಅವರಿಗೆ ಪಾಠದಲ್ಲಿ ಗೊತ್ತಿದ್ದ ಸಂಗತಿ. 'ಅಮ್ಮನಷ್ಟು ಹಾಲು ಮಗಳು ಕರೆಯುವುದಿಲ್ಲವಲ್ಲ' ಎಂದು ರೈತರು ಎದುರು ನಿಂತು ಕೇಳಿದಾಗ ಏನು ಹೇಳಿದರು? ಮೂರಡಿಯ ಆಸುಪಾಸಿನ ಗಿಡ್ಡ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸಂಜೆ ತಾನೇ ಮನೆಗೆ ಬರುತ್ತದೆ, ಬೇಣದ ಕರಡದಲ್ಲಿ, ಅಂದರೆ ಗುಡ್ಡದ ಒಣಹುಲ್ಲಿನಲ್ಲಿ, ದಿನ ದೂಡುತ್ತದೆ, ಹಾಲು ಮಾತ್ರ ಲೀಟರಿನ ಲೆಕ್ಕದಲ್ಲಿ ಕಡಿಮೆ. ಜರ್ಸಿ ಮಿಶ್ರತಳಿಗೆ ಹಿಂಡಿ, ಹಸಿಹುಲ್ಲು, ಡಾಕ್ಟರು ಎಲ್ಲ ಬೇಕು, ಆದರೆ ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಮನೆಗಳೂ ಇಲ್ಲಿವೆ. ನಮ್ಮದೂ ಅಂಥದೇ ಮನೆ. ಆದ್ದರಿಂದ ಅವರನ್ನು ತಪ್ಪೊಪ್ಪಿಕೊಂಡ ಭಕ್ತರಂತೆ ಚಿತ್ರಿಸಬೇಡಿ. ಎರಡೂ ಲೆಕ್ಕಗಳನ್ನು ಬಲ್ಲವರು ಯಾವ ಕೊಟ್ಟಿಗೆಯಲ್ಲಿ ಯಾವುದನ್ನು ಹೇಳುತ್ತಿದ್ದರು ಎಂಬುದನ್ನು ಬರೆಯಿರಿ. ಎಲ್ಲಾದರೂ ಅವರು ಎಡವಿದ್ದು ನಿಮಗೆ ಗೊತ್ತಿದ್ದರೆ ಅದನ್ನೂ ಬರೆಯಿರಿ.

ಕೆಲವು ತಿದ್ದುಪಡಿಗಳು. ಕೃತಕ ಗರ್ಭಧಾರಣೆ ನಮ್ಮ ದೇಶಕ್ಕೆ ಕ್ಷೀರಕ್ರಾಂತಿಯೊಡನೆ ಬಂದದ್ದಲ್ಲ. 1939ರಲ್ಲಿಯೇ ಮೈಸೂರಿನ ಅರಮನೆ ಡೈರಿಯಲ್ಲಿ ಸಂಪತ್ ಕುಮಾರನ್ ಅವರು ಅದನ್ನು ನಡೆಸಿದ್ದರು. 'ಮಲೆನಾಡು ಗಿಡ್ಡಕ್ಕೆ ಮಾನ್ಯತೆ ತಂದುಕೊಟ್ಟವರು ಇವರೇ' ಎಂಬ ಮಾತನ್ನೂ ತೆಗೆಯಿರಿ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಒಂದು ತಳಿಯನ್ನು ನೋಂದಾಯಿಸಬೇಕಾದರೆ ಹೆಗಲೆತ್ತರ, ಎದೆಸುತ್ತು, ಕೊಂಬು, ಬಣ್ಣ, ಹಾಲು ಎಂದು ನೂರಾರು ದನಗಳ ಅಳತೆ ಬೇಕು, ಅದು ಹಲವರ ಕೈಯ ಕೆಲಸ. ಅವರು ಅಳತೆಪಟ್ಟಿ ಹಿಡಿದು, ಒದೆ ತಿಂದು, ದರಕಿನ (ಒಣ ಎಲೆಗಳ) ರಾಶಿಯ ಮೇಲೆ ಬಿದ್ದದ್ದನ್ನು ಒಂಬತ್ತನೆಯ ಪುಟದಲ್ಲಿ ಹೇಳಿದ್ದೀರಿ. ಅಷ್ಟು ಸಾಕು, ಬಹಳ ಚೆನ್ನಾಗಿದೆ.

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ, ಆರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಆ ಪಟ್ಟಿ ಈಗ ಯಾರ ಬಳಿಯಿದೆ ಎಂಬುದನ್ನು ಲೇಖನದಲ್ಲಿ ಎಲ್ಲಿಯೂ ಹೇಳಿಲ್ಲ. ಅವರ ಮನೆಯವರನ್ನು ಕೇಳಿ ನೋಡಿ. ಸಿಕ್ಕರೆ, ರೈತರ ಹೆಸರು ಕಾಣದಂತೆ, ಒಂದು ಹಾಳೆಯ ಫೋಟೋ ತೆಗೆದು ಲೇಖನದ ಜೊತೆಗಿಡಿ.

ಇಂತು,
ಸಂಪಾದಕ