ಹಾಗಲಕಾಯಿ ಜ್ಯೂಸ್ ಕುಡಿದರೆ ಶುಗರ್ ಮಾತ್ರೆ ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಹಾಗಲಕಾಯಿಯಲ್ಲಿ ಚರಾಂಟಿನ್, ಇನ್ಸುಲಿನ್ ತರಹ ಕೆಲಸ ಮಾಡುವ ಪಾಲಿಪೆಪ್ಟೈಡ್-ಪಿ ಅನ್ನೋ ಅಂಶಗಳಿರುವುದು ನಿಜ, ಸಕ್ಕರೆ ಸ್ವಲ್ಪ ಇಳಿಯಲೂಬಹುದು. ಆದರೆ 2011ರ ನಾಲ್ಕು ವಾರಗಳ ಒಂದು ಪ್ರಯೋಗದಲ್ಲಿ ದಿನಕ್ಕೆ 2000 ಮಿಲಿಗ್ರಾಂ ಹಾಗಲಕಾಯಿ ಕೊಟ್ಟರೂ ಅದರ ಪರಿಣಾಮ ಶುಗರ್ ಮಾತ್ರೆಯಾದ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್‌ಗಿಂತ ಕಡಿಮೆಯೇ ಇತ್ತು.

ನನಗೆ ಜಾಸ್ತಿ ಭಯ ಇನ್ನೊಂದು ವಿಷಯಕ್ಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಗೆ ಲೋಟ ತುಂಬ ಜ್ಯೂಸ್ ಕುಡಿದರೆ ಸಕ್ಕರೆ ತೀರಾ ಇಳಿದು ಕೈ ನಡುಗಬಹುದು, ಮೈ ಬೆವರಬಹುದು, ಕಣ್ಣು ಕತ್ತಲೆ ಬಂದು ಬಿದ್ದೇ ಬಿಡಬಹುದು. ಗರ್ಭಿಣಿಯರಿಗಂತೂ ಈ ಜ್ಯೂಸಿನ ಸಹವಾಸವೇ ಬೇಡ.

ತರಕಾರಿಯಾಗಿ ಬೇಯಿಸಿ ತಿನ್ನಿ, ಒಳ್ಳೆಯದೇ. ಔಷಧಿ ಅಂತ ಕುಡಿಯುವುದಾದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ, ಗ್ಲುಕೋಮೀಟರ್‌ನಲ್ಲಿ ಆಗಾಗ ನೋಡಿಕೊಳ್ಳುತ್ತಾ ಇರಿ.