ಜುಕಿನಿ ಲಸಾನ್ಯ ನೀರು ಬಿಡದ ಹಾಗೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಾವನವರಿಗೆ ಶುಗರ್. ಕಾರ್ಬ್, ಅಂದರೆ ಪಿಷ್ಟ-ಸಕ್ಕರೆ ಅಂಶ, ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅವರಿಗೋ ಲಸಾನ್ಯ ಅಂದರೆ ಪ್ರಾಣ, ಅದೇ ಪಾಸ್ತಾ ಹಾಳೆ, ಸಾಸ್, ಚೀಸು ಪದರ ಪದರವಾಗಿ ಇಟ್ಟು ಓವನ್‌ನಲ್ಲಿ ಬೇಯಿಸುವ ಇಟಲಿಯ ಅಡುಗೆ. ಪಾಸ್ತಾ ಹಾಳೆಯ ಬದಲು ಸೌತೆಕಾಯಿಯ ಹಾಗೆ ಕಾಣುವ ಜುಕಿನಿ ಹಾಕಿ ಎರಡು ಸಲ ಮಾಡಿದಿರಿ, ಎರಡು ಸಲವೂ ತಟ್ಟೆ ತುಂಬ ನೀರು. ಮನೆಯಲ್ಲಿ ಮೊಟ್ಟೆ ನಡೆಯುತ್ತದೆ, ಮಾಂಸ ಇಲ್ಲ. ಇಷ್ಟೇ ಅಲ್ವಾ?

ನಾನು ಒಂಬತ್ತು ವರ್ಷದಿಂದ ಇಟಲಿಯ ಬೊಲೋನ್ಯದಲ್ಲಿದ್ದೇನೆ. ಲಸಾನ್ಯದ ಊರು ಇದು. ನಮ್ಮ ಯಜಮಾನರಿಗೆ ಶುಗರ್ ಬಂದು ನಾಲ್ಕು ವರ್ಷವಾಯಿತು. ನೀವು ಪಟ್ಟ ಪಾಡನ್ನೇ ನಾನೂ ಪಟ್ಟಿದ್ದೇನೆ. ಮೊದಲ ಸಲ ಓವನ್‌ನಿಂದ ತೆಗೆದಾಗ ಮೇಲೆ ಚೀಸು ಚೆನ್ನಾಗಿ ಕೆಂಪಗಾಗಿತ್ತು, ನೋಡಿದರೆ ಆಸೆಯಾಗುತ್ತಿತ್ತು. ಚಾಕು ಇಟ್ಟೆ. ಪದರಗಳು ಒಂದರ ಮೇಲೊಂದು ಜಾರಿಕೊಂಡು ಹೋದವು. ಟ್ರೇಯ ಮೂಲೆಯಲ್ಲಿ ಒಂದು ಬೆರಳು ಆಳ ಕೆಂಪು ನೀರು ನಿಂತಿತ್ತು. ಯಜಮಾನರು ಏನೂ ಹೇಳದೆ ತಿಂದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಷ್ಟದ ಊಟವನ್ನು ಒಂದೊಂದಾಗಿ ಬಿಡುತ್ತಿದ್ದ ಮನುಷ್ಯನಿಗೆ ಇದಾದರೂ ನೆಟ್ಟಗೆ ಮಾಡಿಕೊಡಬೇಕಿತ್ತು ಅನ್ನಿಸಿತು.

ದಾರಿ ತೋರಿಸಿದ್ದು ಕೆಳಗಿನ ಮನೆಯ ಅಜ್ಜಿ. ಎರಡನೇ ಸಲ ಮಾಡಿದ್ದನ್ನು ಅವರಿಗೆ ಕೊಟ್ಟೆ. ಒಂದು ತುತ್ತು ತಿಂದು, "ಇದು ಲಸಾನ್ಯ ಅಲ್ಲಮ್ಮ, ಇದು ಪಾರ್ಮಿಜಾನ. ಪಾರ್ಮಿಜಾನ ಮಾಡುವ ಹಾಗೆ ಮಾಡು, ಸರಿಹೋಗುತ್ತೆ" ಅಂದರು. ನನಗೆ ಎಲ್ಲಾ ಬದಲಾಗಿದ್ದು ಆ ಮಾತಿನಿಂದ. ನಿಮಗೆ ಹೇಳಬೇಕಾದ ಮುಖ್ಯ ವಿಷಯವೂ ಅದೇ.

ದಕ್ಷಿಣ ಇಟಲಿಯಲ್ಲಿ ಪಾರ್ಮಿಜಾನ ಅಂತ ಹಳೇ ಅಡುಗೆ ಇದೆ. ಬದನೆಕಾಯಿ ಬಿಲ್ಲೆ, ಟೊಮ್ಯಾಟೊ ಸಾಸ್, ಚೀಸು, ತುಳಸಿಯ ಜಾತಿಯ ಬೇಸಿಲ್ ಸೊಪ್ಪು ಇಷ್ಟನ್ನು ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುತ್ತಾರೆ. ಹಾಳೆ ಇಲ್ಲ. ಬದನೆಯ ಬದಲು ಜುಕಿನಿ ಹಾಕಿಯೂ ಮಾಡುತ್ತಾರೆ. ಅಂದರೆ ತರಕಾರಿಯನ್ನೇ ಪದರವಾಗಿ ಇಡುವ ಕೆಲಸವನ್ನು ಇಲ್ಲಿಯವರು ಕಾರ್ಬ್ ಎಣಿಸುವ ಕಾಲಕ್ಕೆ ಎಷ್ಟೋ ಮೊದಲೇ ಕಲಿತಿದ್ದಾರೆ. ಅಲ್ಲಿ ಯಾರೂ ಹಸಿ ಬಿಲ್ಲೆಯನ್ನು ನೇರವಾಗಿ ಟ್ರೇಗೆ ಹಾಕುವುದಿಲ್ಲ. ಮೊದಲು ಹುರಿಯುತ್ತಾರೆ, ಇಲ್ಲವೇ ಕಾವಲಿಯ ಮೇಲೆ ಸುಡುತ್ತಾರೆ. ನಾವು ತಪ್ಪುವುದು ಇಲ್ಲೇ. ಲಸಾನ್ಯದ ವಿಧಾನ ಇಟ್ಟುಕೊಂಡು ಹಾಳೆಯನ್ನು ಮಾತ್ರ ಬದಲಾಯಿಸುತ್ತೇವೆ.

ಪಾಸ್ತಾ ಹಾಳೆ ನೀರು ಕುಡಿಯುತ್ತದೆ. ಲಸಾನ್ಯದ ಸಾಸ್ ಸ್ವಲ್ಪ ತೆಳ್ಳಗೆ ಇರುವುದು ಅದಕ್ಕೇ. ಓವನ್‌ನಲ್ಲಿ ಆ ನೀರನ್ನೆಲ್ಲ ಹಾಳೆ ಎಳೆದುಕೊಂಡು ಉಬ್ಬುತ್ತದೆ, ಬಿಸಿ ಆರಿದ ಮೇಲೆ ಪದರಗಳು ಗಟ್ಟಿಯಾಗಿ ಕೂರುತ್ತವೆ. ಜುಕಿನಿ ಇದಕ್ಕೆ ಪೂರ್ತಿ ಉಲ್ಟಾ. ಅದರ ತೂಕದಲ್ಲಿ ನೂರಕ್ಕೆ 94-95 ಭಾಗ ನೀರೇ. ಬಿಸಿ ತಾಗಿದರೆ ನೀರು ಬಿಡುತ್ತದೆ, ಉಪ್ಪು ತಾಗಿದರೂ ಬಿಡುತ್ತದೆ. ಕೋಸಂಬರಿಗೆ ಸೌತೆಕಾಯಿ ಹೆಚ್ಚಿ ಮೊದಲೇ ಉಪ್ಪು ಹಾಕಿಟ್ಟರೆ ಏನಾಗುತ್ತೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಬಡಿಸುವ ಹೊತ್ತಿಗೆ ಉಪ್ಪು ಹಾಕುವುದು ಅದಕ್ಕೇ. ಇಲ್ಲಿ ಅದನ್ನೇ ತಿರುಗಿಸಬೇಕು. ಬಿಡುವ ನೀರನ್ನೆಲ್ಲ ಟ್ರೇ ಒಳಗೆ ಹೋಗುವ ಮೊದಲೇ ಬಿಡಿಸಬೇಕು.

20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಟ್ರೇಗೆ 1.2 ಕಿಲೋ ಜುಕಿನಿ ಬೇಕು. ಆರು ಜನಕ್ಕೆ ಆಗುತ್ತದೆ. ಒಂದು ಗೇಣಿಗಿಂತ ದೊಡ್ಡದು ತರಬೇಡಿ. ಬಲಿತ ಕಾಯಿಯ ತಿರುಳು ಸ್ಪಂಜಿನ ಹಾಗಿರುತ್ತದೆ, ಬೀಜವೂ ಜಾಸ್ತಿ, ನೀರೆಲ್ಲ ಅಲ್ಲೇ ಇರುವುದು. ದೊಡ್ಡದೇ ಸಿಕ್ಕಿದರೆ ನಡುವಿನ ತಿರುಳು ಬಿಟ್ಟು ಸುತ್ತಲಿನ ಗಟ್ಟಿ ಭಾಗ ಮಾತ್ರ ತೆಗೆದುಕೊಳ್ಳಿ. ಸಿಪ್ಪೆ ತೆಗೆಯಬೇಡಿ, ಬಿಲ್ಲೆ ಒಡೆಯದ ಹಾಗೆ ಹಿಡಿದಿಡುವುದು ಅದೇ. ಉದ್ದಕ್ಕೆ ಸೀಳಿ. ದಪ್ಪ 4-5 ಮಿಲಿಮೀಟರ್ ಇರಲಿ. ಚಿಪ್ಸ್ ಮಾಡುವ ಸ್ಲೈಸರ್‌ನಲ್ಲಿ ತೆಳ್ಳಗೆ ಹೆರೆದರೆ ನೋಡಲು ಚಂದ, ಆದರೆ ಬೆಂದ ಮೇಲೆ ಹಲ್ಲಿಗೆ ಏನೂ ಸಿಗುವುದಿಲ್ಲ. ನನ್ನ ಮೊದಲ ಎರಡು ಸಲದ ತಪ್ಪುಗಳಲ್ಲಿ ಇದೂ ಒಂದು.

ಸ್ವಚ್ಛವಾದ ಹತ್ತಿ ಬಟ್ಟೆ ಹಾಸಿ, ಬಿಲ್ಲೆಗಳನ್ನು ಒಂದೇ ಸಾಲಿಗೆ ಜೋಡಿಸಿ, ಒಟ್ಟು ಎರಡು ಟೀ ಚಮಚ ಉಪ್ಪನ್ನು ಎರಡೂ ಬದಿಗೆ ಉದುರಿಸಿ. ಐದು ನಿಮಿಷಕ್ಕೆಲ್ಲ ಮೈಮೇಲೆ ಸಣ್ಣ ಸಣ್ಣ ಹನಿ ಮೂಡುತ್ತವೆ, ಸೆಕೆಗೆ ಹಣೆ ಬೆವರಿದ ಹಾಗೆ. ಹತ್ತು ನಿಮಿಷಕ್ಕೆ ಹನಿಗಳು ಕೂಡಿಕೊಂಡು ಅಂಚಿಗೆ ಹರಿಯುತ್ತವೆ. ಅರ್ಧ ಗಂಟೆ ಬಿಡಿ. ಆಮೇಲೆ ಇನ್ನೊಂದು ಬಟ್ಟೆ ಮುಚ್ಚಿ ಅಂಗೈಯಿಂದ ಒತ್ತಿ ಒರೆಸಿ. ನೀರಿನ ಜೊತೆ ಒಂದಷ್ಟು ಉಪ್ಪೂ ಹೋಗುತ್ತದೆ, ಆದರೂ ಸಾಸಿಗೆ ಉಪ್ಪು ಕಡಿಮೆಯೇ ಹಾಕಿ.

ಇಷ್ಟಕ್ಕೆ ನಿಲ್ಲಿಸಬೇಡಿ. ಉಪ್ಪಿನಿಂದ ಅರ್ಧ ಕೆಲಸ ಮಾತ್ರ ಆಗಿದೆ. ಬಿಲ್ಲೆಗೆ ಎಣ್ಣೆ ಸವರಿ, 220 ಡಿಗ್ರಿ ಓವನ್‌ನಲ್ಲಿ 15 ನಿಮಿಷ ಇಡಿ. ಒಂದರ ಮೇಲೊಂದು ಬೀಳಬಾರದು. ನಿಮ್ಮ ಓಟಿಜಿ ಚಿಕ್ಕದಿದ್ದರೆ ಎರಡು ಮೂರು ಸರದಿ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ದೋಸೆ ಕಾವಲಿಯ ಮೇಲೂ ಆಗುತ್ತದೆ. ದೊಡ್ಡ ಉರಿ, ಬದಿಗೆ ಎರಡು ಮೂರು ನಿಮಿಷ, ಅಲ್ಲಲ್ಲಿ ಕಂದು ಮಚ್ಚೆ ಬೀಳಬೇಕು. ಬಿಲ್ಲೆಯ ತುದಿ ಹಿಡಿದು ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತು ಬೀಳಬೇಕು, ಆದರೆ ಹರಿಯಬಾರದು. ನಾನು ಒಮ್ಮೆ ತೂಗಿ ನೋಡಿದೆ. 1.2 ಕಿಲೋ ಜುಕಿನಿ ಉಪ್ಪು, ಓವನ್ ಎರಡೂ ಆದ ಮೇಲೆ 650 ಗ್ರಾಂಗೆ ಇಳಿದಿತ್ತು. ನನ್ನ ಮೊದಲ ಲಸಾನ್ಯದಲ್ಲಿ ಆ ಅರ್ಧ ಕಿಲೋ ನೀರು ಟ್ರೇ ಒಳಗೇ ಇತ್ತು.

ಇನ್ನು ಸಾಸ್. ಬೊಲೋನ್ಯದಲ್ಲಿ ಇದಕ್ಕೆ ಹಾಕುವುದು ಮಾಂಸದ ರಗೂ. ಇಲ್ಲಿಯವರಿಗೆ ಅದರ ಮೇಲೆ ಎಷ್ಟು ಅಭಿಮಾನ ಅಂದರೆ, 1982ರಲ್ಲಿ ಇಟಲಿಯ ಅಡುಗೆ ಅಕಾಡೆಮಿಯವರು ಅದನ್ನು ಮಾಡುವ ವಿಧಾನವನ್ನು ಈ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದರು. 2023ರಲ್ಲಿ ಅದನ್ನು ತಿದ್ದಿಯೂ ಆಯಿತು. ನಾವು ಮಾಂಸ ತಿನ್ನುವುದಿಲ್ಲ, ಹಾಗಾಗಿ ನಾನು ಅಣಬೆಯಲ್ಲಿ ಮಾಡುತ್ತೇನೆ. ಆದರೆ ಅದರ ಬುಡ ಅವರದ್ದೇ. ಈರುಳ್ಳಿ, ಕ್ಯಾರೆಟ್, ಸೆಲೆರಿ ಮೂರನ್ನೂ ಸಣ್ಣಗೆ ಹೆಚ್ಚಿ ಸಣ್ಣ ಉರಿಯಲ್ಲಿ ಬಾಡಿಸುವುದು. ಇದರಲ್ಲಿ ಅವಸರ ಮಾಡಬೇಡಿ, ಹದಿನೈದು ನಿಮಿಷ ಆಗಲಿ. ಈರುಳ್ಳಿ ಒಂದು ಸಾಕು. ಅರ್ಧ ಕಿಲೋ ಅಣಬೆಯನ್ನು ಬೇರೆ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಹುರಿಯಿರಿ. ಮೊದಲು ನೀರು ಬಿಟ್ಟು ಕುದಿಯುತ್ತದೆ, ಆ ನೀರೆಲ್ಲ ಇಂಗಿ ಚುರ್ ಚುರ್ ಸದ್ದು ಬರುವವರೆಗೆ ಬಿಡಬೇಡಿ. ಒಂದು ಹಿಡಿ ಅಕ್ರೋಟು ತರಿತರಿಯಾಗಿ ಕುಟ್ಟಿ ಸೇರಿಸಿದರೆ ಬಾಯಿಗೆ ಸಿಗುವ ಹಾಗಿರುತ್ತದೆ. ಅಕ್ರೋಟಿನ ಬದಲು ಬೇಳೆ ಹಾಕಿ ಮಾಡುವವರೂ ಇದ್ದಾರೆ, ರುಚಿಯಾಗಿಯೂ ಇರುತ್ತದೆ, ಆದರೆ ಹಾಳೆ ಬಿಟ್ಟು ಉಳಿಸಿದ ಕಾರ್ಬ್‌ನಲ್ಲಿ ಒಂದು ಪಾಲು ವಾಪಸ್ ಬಂದ ಹಾಗೆ.

ಎಲ್ಲಾ ಸೇರಿಸಿ ಅರ್ಧ ಕಿಲೋ ಟೊಮ್ಯಾಟೊ ಹಾಕಿ ಕುದಿಸಿ. ಎಲ್ಲಿವರೆಗೆ? ನಮ್ಮ ಟೊಮ್ಯಾಟೊ ತೊಕ್ಕಿನ ಹದಕ್ಕೆ. ಬದಿಯಲ್ಲಿ ಎಣ್ಣೆ ಬಿಡಬೇಕು. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆದರೆ ಆ ಗೆರೆ ಕೂಡಿಕೊಳ್ಳದೆ ಹಾಗೇ ನಿಲ್ಲಬೇಕು. ಪಾಸ್ತಾಗೆ ಇಷ್ಟು ಗಟ್ಟಿ ಸಾಸ್ ಹಾಕಿದರೆ ಒಣಗಿ ಹೋಗುತ್ತದೆ, ಜುಕಿನಿಗೆ ಇದೇ ಸರಿ.

ಮುಂದಿನದ್ದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಬಿಳಿ ಸಾಸ್. ಬೊಲೋನ್ಯದ ಲಸಾನ್ಯದಲ್ಲಿ ಪಾಲಕ್ ಹಾಕಿದ ಹಸಿರು ಹಾಳೆ, ರಗೂ, ಬೆಷಮೆಲ್ಲ ಅನ್ನುವ ಬಿಳಿ ಸಾಸ್, ಪಾರ್ಮೆಸಾನ್ ಚೀಸು ಇರುತ್ತವೆ. ಅರ್ಧ ಲೀಟರ್ ಹಾಲಿಗೆ 50 ಗ್ರಾಂ ಬೆಣ್ಣೆ, 50 ಗ್ರಾಂ ಮೈದಾ ಹಾಕಿ ಆ ಸಾಸ್ ಮಾಡುತ್ತಾರೆ. ಹಾಲು, ಮೈದಾ ಸೇರಿ ಅದರಲ್ಲೇ 60 ಗ್ರಾಂ ಹತ್ತಿರ ಕಾರ್ಬ್. ಹಾಳೆ ತೆಗೆದು ಇದನ್ನು ಉಳಿಸಿಕೊಂಡರೆ ಏನು ಉಪಯೋಗ ಹೇಳಿ? ದಾರಿ ನೇಪಲ್ಸ್‌ನಲ್ಲಿದೆ. ಅಲ್ಲಿ ಕಾರ್ನಿವಲ್ ಹಬ್ಬಕ್ಕೆ ಮಾಡುವ ಲಸಾನ್ಯದಲ್ಲಿ ಬಿಳಿ ಸಾಸ್ ಇರುವುದಿಲ್ಲ, ಅದರ ಬದಲು ರಿಕೊತ್ತ ಹಾಕುತ್ತಾರೆ. ರಿಕೊತ್ತ ಅಂದರೆ ಚೀಸು ಮಾಡಿ ಉಳಿದ ತಿಳಿ ನೀರನ್ನು ಮತ್ತೆ ಕಾಯಿಸಿ ತೆಗೆಯುವ ಮೆತ್ತನೆಯ ಗಿಣ್ಣಿನಂಥದ್ದು. ಅದರಲ್ಲಿ ಕಾರ್ಬ್ ತುಂಬಾ ಕಡಿಮೆ.

ನಿಮಗೆ ಅಲ್ಲಿ ಒಳ್ಳೇ ರಿಕೊತ್ತ ಸಿಗದಿದ್ದರೆ ಮನೆಯಲ್ಲೇ ಮೆತ್ತನೆ ಪನೀರ್ ಮಾಡಿ. ಒಂದು ಲೀಟರ್ ಗಟ್ಟಿ ಹಾಲು, ನಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಇಪ್ಪತ್ತು ನಿಮಿಷ ಸೋಸಲು ಬಿಡಿ. ಭಾರ ಇಡಬೇಡಿ. 200 ಗ್ರಾಂ ಹತ್ತಿರ ಬರುತ್ತದೆ. ಒಂದು ಮೊಟ್ಟೆ, ಸ್ವಲ್ಪ ಜಾಯಿಕಾಯಿ, ಕಾಳುಮೆಣಸಿನ ಪುಡಿ ಹಾಕಿ ನುಣ್ಣಗೆ ಕಡೆಯಿರಿ. ಮೊಟ್ಟೆ ಬಿಡಬೇಡಿ. ಹಾಳೆ ಇಲ್ಲದಾಗ ಪದರಗಳನ್ನು ಕಟ್ಟಿ ಹಿಡಿಯುವುದು ಆ ಮೊಟ್ಟೆಯೇ.

ಚೀಸಿನ ಬಗ್ಗೆ ಎರಡು ಮಾತು. ನೀರಿನ ಚೀಲದಲ್ಲಿ ಬರುವ ಹಸಿ ಮೊಝರೆಲ್ಲ ಬೇಡ, ಹಾಕಲೇಬೇಕಿದ್ದರೆ ಹರಿದು ಎರಡು ಮೂರು ಗಂಟೆ ಜರಡಿಯಲ್ಲಿ ಸೋಸಿ. ಪಿಜ್ಜಾಗೆ ಅಂತ ಮಾರುವ ಗಟ್ಟಿ ಮೊಝರೆಲ್ಲ 150 ಗ್ರಾಂ ಸಾಕು. ಇನ್ನೊಂದು, ನೀವು ಮಾಂಸ ತಿನ್ನುವುದಿಲ್ಲ ಅಂದಿರಿ. ಇಟಲಿಯ ಅಸಲಿ ಪಾರ್ಮೆಸಾನ್, ಅಂದರೆ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು, ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಹಾಕಿಯೇ ಮಾಡಬೇಕು ಅಂತ ನಿಯಮ ಇದೆ. ನನಗೆ ಇದು ಇಲ್ಲಿಗೆ ಬಂದು ಒಂದು ವರ್ಷ ಆದ ಮೇಲೆ ಗೊತ್ತಾಯಿತು, ತುಂಬಾ ಕಸಿವಿಸಿ ಆಯಿತು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುವ ಗಟ್ಟಿ ಚೀಸು ಕೊಳ್ಳಿ.

ಜೋಡಿಸುವುದು ಸುಲಭ. ತಳಕ್ಕೆ ಒಂದು ಸೌಟು ಸಾಸ್, ಮೇಲೆ ಜುಕಿನಿ, ರಿಕೊತ್ತ, ತುರಿದ ಚೀಸು, ಮತ್ತೆ ಸಾಸ್. ಒಂದು ಪದರ ಉದ್ದಕ್ಕೆ ಹಾಕಿದರೆ ಮುಂದಿನದ್ದು ಅಡ್ಡಕ್ಕೆ. ಚಾಪೆ ಹೆಣೆದ ಹಾಗೆ ಬಿಗಿಯಾಗುತ್ತದೆ, ಕತ್ತರಿಸುವಾಗ ಜಾರುವುದಿಲ್ಲ. ಮೂರು ಪದರ ಸಾಕು. ಮುಚ್ಚದೆ 190 ಡಿಗ್ರಿಯಲ್ಲಿ 30-35 ನಿಮಿಷ. ಮುಚ್ಚಿದರೆ ಆವಿ ಮತ್ತೆ ನೀರಾಗಿ ಒಳಗೇ ಇಳಿಯುತ್ತದೆ.

ತೆಗೆದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಇದು ಕಷ್ಟ, ಮನೆಯೆಲ್ಲ ಘಮ್ ಅನ್ನುತ್ತಿರುತ್ತದೆ. ಆದರೂ ಕಾಯಿರಿ. ಮೊಟ್ಟೆ, ಚೀಸು ಬಿಗಿಯಾಗುವುದು ಆ ಹೊತ್ತಿನಲ್ಲೇ.

ಈಗ ಲೆಕ್ಕ. ಒಬ್ಬರಿಗೆ 80 ಗ್ರಾಂ ಒಣ ಪಾಸ್ತಾ ಹಾಳೆ ಅಂದರೆ 55-60 ಗ್ರಾಂ ಕಾರ್ಬ್. ಅದರ ಜಾಗದಲ್ಲಿ 200 ಗ್ರಾಂ ಜುಕಿನಿ ಹಾಕಿದರೆ 6-7 ಗ್ರಾಂ. ವ್ಯತ್ಯಾಸ ಸಣ್ಣದಲ್ಲ. ಅದಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ಮಾವನವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಇಲ್ಲವೇ ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗುತ್ತಿದ್ದರೆ, ಊಟದ ಕಾರ್ಬ್ ಒಮ್ಮೆಲೇ ಇಷ್ಟು ಇಳಿದಾಗ ಶುಗರ್ ಲೋ ಆಗಬಹುದು. ಡಾಕ್ಟರ್ ಹತ್ತಿರ ಡೋಸ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಒಂದು ರಾತ್ರಿ ಹಾಗೆ ಆಗಿದೆ. ಕೈ ನಡುಗಿ, ಬೆವರಿ, ಸಕ್ಕರೆ ನೀರು ಕುಡಿಸಬೇಕಾಯಿತು. ನಿಮ್ಮಲ್ಲಿ ಆಗುವುದು ಬೇಡ.

ಜುಕಿನಿ ತುಟ್ಟಿ ಅನ್ನಿಸಿದರೆ, ದೊಡ್ಡ ನೇರಳೆ ಗುಂಡು ಬದನೆ ತೆಗೆದುಕೊಳ್ಳಿ. ನನ್ನ ಬಾಯಿಗೆ ಅದೇ ಹೆಚ್ಚು ರುಚಿ. ಜುಕಿನಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ, ಮಾಂಸದ ಹಾಗೆ ಬಾಯಿ ತುಂಬುತ್ತದೆ ಅಂತ ಮಾಂಸ ತಿನ್ನುವವರೂ ಹೇಳುತ್ತಾರೆ. ಕಾರ್ಬ್ ಸ್ವಲ್ಪ ಜಾಸ್ತಿ, 100 ಗ್ರಾಂಗೆ 6 ಗ್ರಾಂ ಹತ್ತಿರ, ಅದರಲ್ಲಿ ಅರ್ಧ ನಾರು. ಬಾಣಲೆಯಲ್ಲಿ ಕರಿದರೆ ಎಣ್ಣೆ ಹೀರುತ್ತದೆ, ಆದ್ದರಿಂದ ಸವರಿ ಓವನ್‌ನಲ್ಲೇ ಸುಡಿ. ಸೋರೆಕಾಯಿಯನ್ನೂ ಪ್ರಯತ್ನಿಸಿದ್ದೇನೆ, ಅದು ಎಷ್ಟು ಹಿಂಡಿದರೂ ನೀರು ಬಿಡುತ್ತಲೇ ಇತ್ತು. ಅದನ್ನು ಪಲ್ಯಕ್ಕೇ ಇಟ್ಟುಕೊಳ್ಳಿ.

ಉಳಿದರೆ ಫ್ರೀಜರ್‌ಗೆ ಹಾಕಬೇಡಿ, ಕರಗುವಾಗ ಮತ್ತೆ ನೀರಾಗುತ್ತದೆ. ಫ್ರಿಜ್‌ನಲ್ಲಿಟ್ಟು ಮರುದಿನ ತಣ್ಣಗಿರುವಾಗಲೇ ಚೌಕವಾಗಿ ಕತ್ತರಿಸಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚದೆ ಬಿಸಿ ಮಾಡಿ. ತಳ ಕೊಂಚ ಗರಿಗರಿಯಾಗುತ್ತದೆ. ನಮ್ಮ ಯಜಮಾನರು ಮೊದಲ ದಿನ ಒಂದೇ ತುಂಡು ತಿಂದು, ಈ ಗರಿಗರಿ ತಳಕ್ಕೋಸ್ಕರ ಎರಡು ತುಂಡು ತೆಗೆದಿಡು ಅನ್ನುತ್ತಾರೆ.